ಅಲ್ಲೇ ಗಂಟು ಹಾಕಿ

ಮಾಸ್ಟರಮ್ಮನಿಗೆ ಸಿಟ್ಟು ಬಂದಾಗ ಅವಳ ಎಡಗಣ್ಣು ಎದುರಿಗಿದ್ದವರನ್ನು ನುಂಗುವಂತೆ ನೋಡುತ್ತಿತ್ತು. ಬಲಗಣ್ಣು ಮಾತ್ರ ಈ ಜಗಳಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ ಕಿಟಕಿಯಾಚೆ ನೋಡಿಕೊಂಡಿರುತ್ತಿತ್ತು. ಬೈಸಿಕೊಂಡವರಿಗೆ ಅರ್ಧ ಬೈಗುಳವಷ್ಟೇ ತಗುಲಿತೆಂಬ ಸಮಾಧಾನ. ಸುಳ್ಳು ಸಮಾಧಾನ ಅದು. ಅವಳ ಒಂದೇ ಕಣ್ಣಿನ ನೋಟ ಇಬ್ಬರಿಗೆ ಹಂಚಿದರೂ ಮಿಗುತ್ತಿತ್ತು.

ಕೋಟು, ಪ್ಯಾಂಟು ಹೊಲಿಯುವ ಒಂದು ಅಂಗಡಿಯಲ್ಲಿ ಅವಳು ಇಪ್ಪತ್ತೆರಡು ವರ್ಷದಿಂದ ಕಟಿಂಗ್ ಮಾಸ್ಟರು. ಮಿಷನ್ನಿನ ಮುಂದೆ ಕೂತು ಹೊಲಿಯುವವರು ಎಂಟು ಜನ, ಕತ್ತರಿ ಹಿಡಿಯುವವಳು ಇವಳೊಬ್ಬಳು. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಆ ಗೆರೆಯ ಮೇಲೆ ಕತ್ತರಿ ಓಡಿಸುವುದು ಕೆಲಸ. ಹೊಲಿದದ್ದು ತಪ್ಪಾದರೆ ಬಿಚ್ಚಿ ಹೊಲಿಯಬಹುದು. ಕತ್ತರಿಸಿದ್ದು ತಪ್ಪಾದರೆ ತಲೆ ಕೆಳಗೆ ಮಾಡಿ ನಿಂತರೂ ಸರಿಹೋಗುವುದಿಲ್ಲ. ಅವಳು ಬರುವತನಕ ಆ ಟೇಬಲ್ಲಿಗೆ ಗಂಡಸರೇ ಬರುತ್ತಿದ್ದರು, ಹಾಗಾಗಿ ಇವಳಿಗೆಂದು ಬೇರೆ ಹೆಸರು ಹುಡುಕುವ ತಾಪತ್ರಯವನ್ನು ಯಾರೂ ಹಚ್ಚಿಕೊಳ್ಳಲಿಲ್ಲ. ಮಾಸ್ಟರಿಗೆ ಒಂದು ಅಮ್ಮ ಅಂಟಿಸಿ ಮುಗಿಸಿದರು.

ಅಂಗಡಿ ಎರಡು ಭಾಗ. ಮುಂದೆ ಆಳೆತ್ತರದ ಕನ್ನಡಿ, ಗಾಜಿನ ಕೌಂಟರು, ಗಿರಾಕಿಗಳು. ನಡುವೆ ಒಂದು ಪರದೆ. ಹಿಂದೆ ಟ್ಯೂಬ್‌ಲೈಟು, ಇಸ್ತ್ರಿಯ ಹಬೆ, ಉದ್ದನೆಯ ಟೇಬಲ್ಲು, ಮಾಸ್ಟರಮ್ಮ. ಮುಂದೆ ನಿಂತು ಅಳತೆ ತೆಗೆದುಕೊಳ್ಳುತ್ತಿದ್ದವನು ಯಜಮಾನರ ಭಾಮೈದ, ನಲವತ್ತರ ಹತ್ತಿರದ ದೊಡ್ಡ ಮನುಷ್ಯ. ಎಂಥ ಅಳತೆಗಾರ ಅಂತೀರಿ! ಟೇಪಿನ ಕೆಳಗೆ ತನ್ನ ಎರಡು ಬೆರಳು ಸೇರಿಸಿ, ಆ ಬೆರಳಿಗೂ ಲೆಕ್ಕ ಹಿಡಿಯುತ್ತಿದ್ದ. ಕೋಟಿಗೆ ಅಳತೆ ಕೊಡಲು ಬಂದ ಗಂಡಸರು ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡರೆ, ಆ ಬೆನ್ನಿಗಂಟಿದ ಹೊಟ್ಟೆಯನ್ನೇ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಆಮೇಲೆ ಗುಂಡಿ ಹತ್ತದಿದ್ದರೆ ಬೈಗುಳ ಪರದೆ ದಾಟಿ ಹಿಂದಕ್ಕೆ ಬರುತ್ತಿತ್ತು. ಪಾಪ, ಮಾಸ್ಟರಮ್ಮ ಪರದೆಯ ಸಂದಿಯಿಂದ ಗಿರಾಕಿಯ ನಿಜವಾದ ಹೊಟ್ಟೆಯನ್ನು ಇಣುಕಿ ನೋಡಿ, ಭಾಮೈದನ ಅಂಕಿಗೆ ಒಂದೂವರೆ ಇಂಚು ಸೇರಿಸಿ ಗೆರೆ ಎಳೆದು, ಅಂಗಡಿಯ ಮಾನ ಉಳಿಸಿಕೊಂಡು ಬಂದಿದ್ದಳು.

“ಯಜಮಾನ್ರೇ, ಅಳತೆ ನಾನೇ ತಗೋತೀನಿ,” ಎಂದು ಅವಳು ಕೇಳಿದ್ದು ಒಂದು ಸಲವಲ್ಲ.

ಯಜಮಾನರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾದರೂ ನೆಟ್ಟಗೆ ಆಗುತ್ತಿತ್ತು. ಅವರು ತಲೆ ಕೆರೆದುಕೊಂಡು, “ನಿಮ್ಮ ಕೈ ಬಗ್ಗೆ ನಾನು ಮಾತಾಡಲ್ಲ ಮಾಸ್ಟರಮ್ಮ. ಆದ್ರೆ ನೋಡಿ, ಗಿರಾಕಿಗಳಿಗೆ ಒಂಥರಾ ಆಗುತ್ತೆ. ನೀವು ಎಲ್ಲಿ ನೋಡ್ತಿದೀರಿ ಅಂತಲೇ ಗೊತ್ತಾಗಲ್ಲ ಅವ್ರಿಗೆ. ಕಣ್ಣೊಂದು ಸರಿ ಮಾಡಿಸ್ಕೊಂಡು ಬನ್ನಿ, ಅವತ್ತೇ ಟೇಪು ನಿಮ್ಮ ಕೊರಳಿಗೆ,” ಎಂದರು. ಆಗದ ಮಾತು ಎಂದುಕೊಂಡೇ ಆಡಿದ ಮಾತು ಅದು. ಮಾಸ್ಟರಮ್ಮ ಅದನ್ನು ಕೊಟ್ಟ ಮಾತು ಎಂದು ಹಿಡಿದುಕೊಂಡಳು.

ನಲವತ್ತಾರು ವರ್ಷದ ಹೆಂಗಸು ಆಸ್ಪತ್ರೆಗೆ ಹೊರಟದ್ದು ಹೀಗೆ. ಅಂದ ಚೆಂದಕ್ಕಲ್ಲ, ಟೇಪಿಗೆ. ಕಣ್ಣು ಓರೆಯಾದದ್ದು ನಾಲ್ಕನೆಯ ವರ್ಷದಲ್ಲಿ. ಆಗ ಅವಳ ತಾಯಿ ಅದನ್ನು ಅದೃಷ್ಟದ ಕಣ್ಣು ಎಂದು ನಂಬಿ ಸುಮ್ಮನಿದ್ದುಬಿಟ್ಟಳು. ಅದೃಷ್ಟವಂತೆ! ಶಾಲೆಯಲ್ಲಿ ಫೋಟೋ ತೆಗೆಯುವ ದಿನ ಟೀಚರು ಅವಳನ್ನು ಎತ್ತರದ ಹುಡುಗಿಯ ಬೆನ್ನ ಹಿಂದೆ ನಿಲ್ಲಿಸುತ್ತಿದ್ದರು. ಅದೃಷ್ಟ ಅಲ್ಲಿಯವರೆಗೂ ಬಂದು ಹಿಂದೆಯೇ ನಿಂತಿತು.

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಒಬ್ಬ ಹೆಂಗಸು ಕೇಳದೆಯೇ ಬುದ್ಧಿ ಹೇಳಿದಳು. “ಒಳಗೆ ದೀಪ ತೋರ್ಸಿ ಎಷ್ಟು ಕಾಣುತ್ತೆ ಅಂತ ಕೇಳ್ತಾರೆ. ಎರಡು ಅಂದ್ರೋ, ಮುಗೀತು. ಆಪರೇಷನ್ ಇಲ್ಲ, ಏನಿಲ್ಲ, ಹಂಗೇ ವಾಪಸ್ಸು. ನಮ್ಮ ಮಾವಂಗೆ ಹಂಗೇ ಆಯ್ತು.” ಮಾಸ್ಟರಮ್ಮ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಪರೀಕ್ಷೆಯ ಕೋಣೆ ಓಣಿಯಂತೆ ಉದ್ದ, ಅರೆಗತ್ತಲು. ಆ ತುದಿಯಲ್ಲಿ ಬೆಳಕಿನ ಪೆಟ್ಟಿಗೆಯೊಳಗೆ ಅಕ್ಷರಗಳು. ಈ ತುದಿಯಲ್ಲಿ ಒಂದು ಕುರ್ಚಿ. ಕುರ್ಚಿಯ ಮುಂದೆ ಸ್ಟೂಲಿನ ಮೇಲೆ ನರೆಗೂದಲಿನ ಮೇಡಂ ಒಬ್ಬರು, ಕನ್ನಡಕವನ್ನು ದಾರಕ್ಕೆ ಕಟ್ಟಿ ಎದೆಯ ಮೇಲೆ ಇಳಿಬಿಟ್ಟುಕೊಂಡವರು. ಅವರು ಡಾಕ್ಟರಲ್ಲ. ಕಣ್ಣು ಎಷ್ಟು ಸರಿದಿದೆ ಎಂದು ಅಳೆಯುವುದೇ ಅವರ ಮೂವತ್ತು ವರ್ಷದ ಕೆಲಸ. ಕತ್ತರಿಸುವವರು ಡಾಕ್ಟರು, ಎಷ್ಟು ಎಂದು ಹೇಳುವವರು ಇವರು.

“ಏನು ಕೆಲಸ ಮಾಡ್ತೀರಮ್ಮಾ?”

“ಕಟಿಂಗ್ ಮಾಸ್ಟರು.”

“ಓಹೋ,” ಎಂದ ಮೇಡಂ ಮೊದಲ ಸಲ ತಲೆಯೆತ್ತಿ ಸರಿಯಾಗಿ ನೋಡಿದರು. “ಹಾಗಾದ್ರೆ ಅಳತೆ ಅಂದ್ರೇನು ಅಂತ ನಿಮಗೆ ನಾನು ಹೇಳಬೇಕಿಲ್ಲ.”

ಪುಟ್ಟ ಟಾರ್ಚು ಹಿಡಿದರು. ಎಡಗಣ್ಣಿನ ಪಾಪೆಯ ನಟ್ಟನಡುವೆ ಬೆಳಕಿನ ಚುಕ್ಕಿ ಕೂತಿತು, ಬಲಗಣ್ಣಿನಲ್ಲಿ ಮೂಗಿನ ಕಡೆಯ ಅಂಚಿಗೆ ಸರಿದು ಕೂತಿತು. ಕಪ್ಪು ಚಮಚದಂಥದ್ದನ್ನು ಎಡಗಣ್ಣಿಗೆ ಅಡ್ಡ ಹಿಡಿದರೆ, ಹೊರಗೆಲ್ಲೋ ತಿರುಗಾಡುತ್ತಿದ್ದ ಬಲಗಣ್ಣು ಯಜಮಾನರು ಬಂದರೆಂಬಂತೆ ಎದ್ದುಬಿದ್ದು ಓಡಿಬಂದು ಕೆಲಸಕ್ಕೆ ನಿಲ್ಲುತ್ತಿತ್ತು. ಚಮಚ ತೆಗೆದರೋ, ಮತ್ತೆ ತಿರುಗಾಟ. ಮೇಡಂ ಆ ಕಣ್ಣಿನ ಮುಂದೆ ಗಾಜಿನ ಉದ್ದನೆಯ ಪಟ್ಟಿ ಹಿಡಿದರು. ಏಣಿಯ ಮೆಟ್ಟಿಲುಗಳಂತೆ ಒಂದರ ಮೇಲೊಂದು ಗಾಜಿನ ತುಂಡುಗಳು, ಮೇಲಿನದಕ್ಕಿಂತ ಕೆಳಗಿನದು ದಪ್ಪ, ಒಂದೊಂದಕ್ಕೂ ಒಂದೊಂದು ಅಂಕಿ. ಮುಚ್ಚಿ, ತೆರೆದು, ಒಂದು ಮೆಟ್ಟಿಲು ಸರಿಸಿ, ಮತ್ತೆ ಮುಚ್ಚಿ, ತೆರೆದು. ಕಣ್ಣಿನ ಓಡಾಟ ಯಾವ ಅಂಕಿಯಲ್ಲಿ ನಿಂತಿತೋ ಅದೇ ಅಳತೆ. ನಲವತ್ತೈದಕ್ಕೆ ನಿಂತಿತು.

ಬರೆದುಕೊಂಡ ಮೇಡಂ ಮತ್ತೆ ಮೊದಲಿನಿಂದ ಶುರು ಮಾಡಿದರು. ದೂರಕ್ಕೆ, ಹತ್ತಿರಕ್ಕೆ, ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ.

“ಆಗ್ಲೇ ತಗೊಂಡ್ರಲ್ಲ?”

“ಒಂದೇ ಸಲದ ಅಳತೆ ನಾನು ನಂಬಲ್ಲ,” ಎಂದರು ಮೇಡಂ.

ಮಾಸ್ಟರಮ್ಮನಿಗೆ ಆ ಹೆಂಗಸಿನ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು. ಭಾಮೈದನನ್ನು ಇಲ್ಲಿಗೆ ತಂದು ಒಂದು ವಾರ ನೆಲ ಒರೆಸಲು ಬಿಡಬೇಕು ಅನ್ನಿಸಿತು.

ಆಮೇಲೆ ಕಪ್ಪು ಕನ್ನಡಕ ಹಾಕಿಸಿ ಒಂದು ಪಟ ತೋರಿಸಿದರು. ಪಟದಲ್ಲಿ ದೊಡ್ಡದೊಂದು ನೊಣ. ಎರಡೂ ಕಣ್ಣು ಜೊತೆಯಾಗಿ ಕೆಲಸ ಮಾಡುವವರಿಗೆ ಅದರ ರೆಕ್ಕೆ ಕಾಗದದಿಂದ ಮೇಲೆದ್ದು ಕಾಣುತ್ತದೆ, ಹಿಡಿಯಲು ಹೋದರೆ ಬೆರಳು ಗಾಳಿಯಲ್ಲೇ ಕೂಡಿಕೊಳ್ಳುತ್ತದೆ. ಮಾಸ್ಟರಮ್ಮನ ಬೆರಳು ನೇರ ಹೋಗಿ ಕಾಗದಕ್ಕೆ ತಗುಲಿತು. ಮೇಡಂ ಅದನ್ನೂ ಬರೆದುಕೊಂಡರು.

“ನಿಮ್ಮ ಎರಡು ಕಣ್ಣಿಗೆ ಒಂದಕ್ಕೊಂದು ಮಾತಿಲ್ಲ, ಕತೆ ಇಲ್ಲ,” ಎಂದರು. “ಬಲಗಣ್ಣು ಏನು ಕಳಿಸಿದ್ರೂ ಮಿದುಳು ಅದನ್ನ ತಗೊಳ್ಳೋದನ್ನೇ ಬಿಟ್ಟಿದೆ. ಅದಕ್ಕೇ ನಿಮಗೆ ಇಷ್ಟು ವರ್ಷ ಎರಡೆರಡು ಕಂಡಿಲ್ಲ. ಈಗ ಕಣ್ಣನ್ನ ಹೊಸ ಜಾಗಕ್ಕೆ ತಂದು ಕೂರ್ಸಿದ್ರೆ ಮಿದುಳು ಸುಮ್ನಿರುತ್ತೋ, ರಂಪ ಮಾಡುತ್ತೋ, ಅದು ಗೊತ್ತಾಗಬೇಕು.”

ಎಂದವರೇ ನಲವತ್ತೈದರ ಗಾಜನ್ನು ಬಲಗಣ್ಣಿನ ಮುಂದೆ ಹಿಡಿದು, ದೂರದ ದೀಪ ತೋರಿಸಿದರು.

“ಎಷ್ಟು ದೀಪ ಕಾಣುತ್ತೆ?”

ಎರಡು ಕಂಡವು. ಎರಡೂ ಜೋರಾಗಿಯೇ ಉರಿಯುತ್ತಿದ್ದವು.

“ಒಂದೇ,” ಎಂದಳು.

ಹೊಟ್ಟೆ ಎಳೆದುಕೊಂಡು ಟೇಪಿಗೆ ಸುಳ್ಳು ಹೇಳುವ ಗಂಡಸರನ್ನು ಇಪ್ಪತ್ತೆರಡು ವರ್ಷ ಬೈದವಳು ಅವಳು. ಈಗ ಅದೇ ಕೆಲಸ ಮಾಡಿ ಕೂತಿದ್ದಳು. ನಾಚಿಕೆಯಾಯಿತು. ಆದರೆ ಬಾಯಿಂದ ಹೋದ ಮಾತನ್ನು ವಾಪಸ್ ಕರೆಯಲಿಲ್ಲ.

ಮೇಡಂ ಗಾಜು ಕೆಳಗಿಟ್ಟರು. “ಕಣ್ಣು ಎಷ್ಟು ಓಡುತ್ತೆ ಅಂತ ನಾನು ಅಳೀಬಹುದು. ಎಷ್ಟು ಕಾಣುತ್ತೆ ಅಂತ ನೀವೇ ಹೇಳಬೇಕು. ಅದಕ್ಕೆ ಮಿಷನ್ ಇಲ್ಲ. ನಿಮ್ಮ ತಲೆಯೊಳಗೆ ನಾನು ಕೂತು ನೋಡೋಕೆ ಆಗಲ್ಲ.” ಮೇಜಿನ ಖಾನೆಯಿಂದ ಆ ಗಾಜಿನ ಕೆಲಸವನ್ನೇ ಮಾಡುವ, ಸಣ್ಣ ಸಣ್ಣ ಗೀರುಗಳಿದ್ದ ತೆಳು ಪ್ಲಾಸ್ಟಿಕ್ಕಿನ ಹಾಳೆ ತೆಗೆದು ಕತ್ತರಿಸಿ, ನಲವತ್ತೈದನ್ನು ಎರಡು ಗಾಜಿಗೂ ಹಂಚಿ, ಒಂದು ಕನ್ನಡಕಕ್ಕೆ ಅಂಟಿಸಿದರು. “ಒಂದು ವಾರ ಇದನ್ನ ಹಾಕ್ಕೊಂಡೇ ಎಲ್ಲ ಕೆಲಸ ಮಾಡಿ. ಸ್ವಲ್ಪ ಮಸುಕಾಗುತ್ತೆ, ಪರವಾಗಿಲ್ಲ. ಆಪರೇಷನ್ ಆದ್ಮೇಲೆ ಲೋಕ ನಿಮಗೆ ಹೇಗೆ ಕಾಣುತ್ತೋ, ಹೆಚ್ಚುಕಡಿಮೆ ಹಾಗೇ ಕಾಣುತ್ತೆ.”

“ಟ್ರಯಲ್ಲಾ?”

“ಟ್ರಯಲ್ಲೇ. ಆದ್ರೆ ಕತ್ತರಿ ಕೆಲಸ ಮಾಡೋದಾದ್ರೆ ವೇಸ್ಟ್ ಬಟ್ಟೆ ಮೇಲೆ ಮಾಡಿ. ಕೇಳಿಸ್ತಾ?”

ಕೇಳಿಸಿತ್ತು. ಕೇಳಿಸಿದ್ದನ್ನೆಲ್ಲ ಪಾಲಿಸುವ ಜಾತಿಯಲ್ಲ ಅವಳದು.

ಆ ವಾರದ ಕಥೆ ಏನು ಹೇಳುವುದು! ಅಂಗಡಿಯ ಮೆಟ್ಟಿಲು ಎರಡು ಸಾಲಾಗಿ, ಕೈ ಹಿಡಿಯುವ ಕಂಬಿ ಎರಡಾಗಿ, ರಸ್ತೆ ದಾಟುವಾಗ ಬರುವ ಬಸ್ಸೂ ಎರಡು. ಚಹಾ ಬಗ್ಗಿಸಿದರೆ ಲೋಟದ ಪಕ್ಕದ ಸುಳ್ಳು ಲೋಟಕ್ಕೆ ಬೀಳುತ್ತಿತ್ತು. ಅವಳ ಜೊತೆ ಒಂದೇ ಮನೆಯಲ್ಲಿ ಇದ್ದವಳು ಅಕ್ಕ, ಬೆಳಿಗ್ಗೆ ಎದ್ದರೆ ಬಾಯಿಗೆ ಬಿಡುವಿಲ್ಲದ ಹೆಂಗಸು. “ಏನೇ ಹಂಗೆ ನೋಡ್ತೀಯಾ?” ಎಂದು ಅಕ್ಕ ಕೇಳಿದಳು.

“ಇಬ್ಬರಾಗಿದೀಯ. ಒಬ್ಬಳನ್ನ ತಡ್ಕೊಳ್ಳೋದೇ ಸಾಕಾಗಿತ್ತು ನನಗೆ.”

ಅಕ್ಕ ನಗಲಿಲ್ಲ. “ಎರಡು ಕಾಣುತ್ತೆ ಅಂತ ಆಸ್ಪತ್ರೇಲಿ ಹೇಳಿದ್ಯಾ?”

“ಹೇಳಲ್ಲ.”

“ಹೇಳ್ಬೇಡ ಬಿಡು. ನೆಟ್ಟಗಾಗ್ಲಿ ಒಂದ್ಸಲ. ಆಮೇಲೆ ಅಭ್ಯಾಸ ಆಗುತ್ತೆ.” ಶಾಲೆಯ ಆ ಫೋಟೋಗಳನ್ನು ಅಕ್ಕನೂ ನೋಡಿದ್ದಳಲ್ಲ. ತಂಗಿಯ ಮುಖವನ್ನು ಒಂದು ಸಲ ನೆಟ್ಟಗೆ ನೋಡಬೇಕೆಂಬ ಆಸೆ ಅವಳಿಗೂ ಇತ್ತು.

ಅಭ್ಯಾಸವಾಗುತ್ತದೆ ಎಂದೇ ಮಾಸ್ಟರಮ್ಮನೂ ಹಟ ಹಿಡಿದಳು. ಒಂದು ಕಣ್ಣು ಮುಚ್ಚಿಕೊಂಡರೆ ಒಂದೇ ಗೆರೆ ಕಾಣುತ್ತಿತ್ತು. ಆದರೆ ಮುಚ್ಚಿಕೊಳ್ಳಲಿಲ್ಲ. ಆಪರೇಷನ್ ಮಾಡಿಸಿಕೊಂಡು ಒಕ್ಕಣ್ಣಿಯ ಹಾಗೆ ಕೆಲಸ ಮಾಡುವುದಾದರೆ ಅದ್ಯಾವ ಸೌಭಾಗ್ಯ? ಮೂರು ದಿನ ಹರಕು ತುಂಡುಗಳ ಮೇಲೆ ಕತ್ತರಿ ಆಡಿಸಿದಳು. ಎರಡು ಬಿಳಿ ಗೆರೆಗಳಲ್ಲಿ ಎಡದ್ದು ನಿಜ, ಬಲದ್ದು ಸುಳ್ಳು ಎಂದು ತನಗೆ ತಾನೇ ಪಾಠ ಹೇಳಿಕೊಂಡಳು. ಸರಿಯಾಗಿಯೇ ಬಂತು. ನಾಲ್ಕನೆಯ ದಿನ ಗಿರಾಕಿಯೊಬ್ಬರ ಕೋಟಿನ ಬಟ್ಟೆ ಟೇಬಲ್ಲಿಗೆ ಬಂತು. ಬೂದು ಬಣ್ಣದ ಉಣ್ಣೆ, ಕೈಯಿಟ್ಟರೆ ಬೆಕ್ಕಿನ ಮೈ. ಭಾಮೈದ ಪರದೆ ಸರಿಸಿ ನಿಂತು, “ಆ ಕನ್ನಡಕ ಹಾಕ್ಕೊಂಡೇ ಕತ್ತರಿಸ್ತೀರಾ ಮಾಸ್ಟರಮ್ಮ?” ಎಂದು ಹಲ್ಲು ಕಿರಿದ. ಅವನು ಕೇಳದೇ ಇದ್ದಿದ್ದರೆ ಬಹುಶಃ ತೆಗೆದಿಡುತ್ತಿದ್ದಳು.

“ಹಾಕ್ಕೊಂಡೇ,” ಎಂದಳು.

ಉದ್ದದ ಗೆರೆಗಳೆಲ್ಲ ಸುಸೂತ್ರವಾಗಿ ಮುಗಿದವು. ಕಂಕುಳ ಹತ್ತಿರ ಗೆರೆ ಬಾಗುತ್ತದೆ. ಬಾಗಿದ ಕಡೆ ಎರಡು ಗೆರೆಗಳೂ ಒಂದನ್ನೊಂದು ದಾಟಿದವು. ಎಡದ್ದು ಯಾವುದು, ಬಲದ್ದು ಯಾವುದು ಎಂದು ಯೋಚಿಸುವಷ್ಟರಲ್ಲಿ ಇಪ್ಪತ್ತೆರಡು ವರ್ಷದ ಕೈ ತಾನಾಗಿಯೇ ಮುಂದೆ ಹೋಗಿತ್ತು. ಕತ್ತರಿ ಸುಳ್ಳು ಗೆರೆಯ ಮೇಲೆ ಬೆಣ್ಣೆಯಲ್ಲಿ ಓಡಿದಂತೆ ಓಡಿತು. ಕನ್ನಡಕ ತೆಗೆದು ನೋಡಿದಳು. ಮುಕ್ಕಾಲು ಇಂಚು ಒಳಗೆ.

ಯಾರೂ ಏನೂ ಅನ್ನುವ ಮೊದಲೇ ತುಂಡನ್ನು ಎತ್ತಿಕೊಂಡು ಪರದೆ ದಾಟಿ ಯಜಮಾನರ ಮುಂದೆ ಇಟ್ಟಳು. “ತಪ್ಪು ನನ್ನದು. ಸಾಯಂಕಾಲದೊಳಗೆ ಇದೇ ಬಟ್ಟೆ ತಂದು ಕತ್ತರಿಸಿ ಕೊಡ್ತೀನಿ.” ಮಾತಿನಂತೆ ತಂದಳು, ಬರಿಗಣ್ಣಲ್ಲಿ ಕತ್ತರಿಸಿದಳು, ಗಿರಾಕಿಗೆ ಗೊತ್ತೇ ಆಗಲಿಲ್ಲ. ಆದರೆ ಯಜಮಾನರು ಸಂಜೆ ಬಾಗಿಲು ಹಾಕುವಾಗ ಕೇಳಿದ ಮಾತು ಅವಳ ಕಿವಿಯಲ್ಲಿ ಕೂತುಬಿಟ್ಟಿತು. “ಕಣ್ಣು ಸರಿಯಾದ್ಮೇಲೆ ಹೀಗೇನಾ ಮಾಸ್ಟರಮ್ಮ? ಹಾಗಾದ್ರೆ ಹಿಂದಿನ ಟೇಬಲ್ಲಿಗೂ ನಾನು ಬೇರೆಯವರನ್ನ ಹುಡುಕಬೇಕಾಗುತ್ತೆ.” ಟೇಪು ಸಿಗುವುದಿರಲಿ, ಕೈಯಲ್ಲಿದ್ದ ಕತ್ತರಿಯೇ ಹೋಗುವಂತಾಯಿತು.

ಮಾರನೆಯ ಬೆಳಿಗ್ಗೆಯೇ ಅವಳು ಆ ಉದ್ದನೆಯ ಕೋಣೆಯಲ್ಲಿ ಕೂತಿದ್ದಳು. ವಾರ ಮುಗಿದಿರಲಿಲ್ಲ. ಹಾಳಾದ ಉಣ್ಣೆಯ ತುಂಡನ್ನು ಮೇಡಂ ಕೈಗಿಟ್ಟಳು.

“ಸುಳ್ಳು ಹೇಳಿದೆ ಮೇಡಂ. ಎರಡು ಕಾಣುತ್ತೆ. ಅವತ್ತೂ ಎರಡೇ ಕಂಡಿತ್ತು.”

ಮೇಡಂ ಬೈಯಲಿಲ್ಲ. ತುಂಡನ್ನು ಬೆಳಕಿಗೆ ಹಿಡಿದು, ಕತ್ತರಿಸಿದ ಅಂಚಿನ ಮೇಲೆ ಬೆರಳು ಆಡಿಸಿ, “ಗೆರೆ ತಪ್ಪಿದ್ರೂ ಕೈ ಅಲುಗಿಲ್ಲ ನೋಡಿ,” ಎಂದರು. ಇಪ್ಪತ್ತೆರಡು ವರ್ಷದಲ್ಲಿ ಅಂಗಡಿಯಲ್ಲಿ ಯಾರೂ ಮಾಸ್ಟರಮ್ಮನ ಕೈ ಬಗ್ಗೆ ಇಂಥ ಒಂದು ಮಾತು ಆಡಿರಲಿಲ್ಲ.

“ನಂಗೆ ಆಪರೇಷನ್ ಇಲ್ವಾ ಹಾಗಾದ್ರೆ?”

“ಯಾರು ಹೇಳಿದ್ರು ನಿಮಗೆ? ಬೆಂಚಿನ ಮೇಲಿನ ಡಾಕ್ಟರುಗಳಾ?” ಮೇಡಂ ಗಾಜಿನ ಏಣಿ ಕೈಗೆತ್ತಿಕೊಂಡರು. “ಈಗ ಹೊಟ್ಟೆ ಸಡಿಲ ಬಿಟ್ಟು ಹೇಳಿ. ಎಷ್ಟು ದೀಪ?”

ನಲವತ್ತೈದಕ್ಕೆ ಎರಡು. ನಲವತ್ತಕ್ಕೆ ಎರಡು, ಆದರೆ ಒಂದು ಮಂಕು. ಮೂವತ್ತೈದಕ್ಕೆ ಮಾಸ್ಟರಮ್ಮ ಬಾಯಿ ತೆರೆದವಳು ಹಾಗೆಯೇ ಕೂತಳು. ಒಂದೇ ದೀಪ. ಮೇಡಂ ಹಿಂದೆ ಮುಂದೆ ಮಾಡಿ, ಅವಳಿಗೆ ಅಂಕಿ ತೋರಿಸದೆ, ಗಾಜು ಬದಲಿಸಿ ಬದಲಿಸಿ ಕೇಳಿದರು. ಪ್ರತಿ ಸಲವೂ ಮೂವತ್ತೈದಕ್ಕೆ ಬಂದಾಗಲೇ ಎರಡು ಹೋಗಿ ಒಂದಾಗುತ್ತಿತ್ತು. ಅಂದರೆ ಕಣ್ಣನ್ನು ಪೂರ್ತಿ ನೆಟ್ಟಗೆ ತಂದರೆ ಮಿದುಳು ರಂಪ ಮಾಡುತ್ತದೆ. ಹತ್ತರಷ್ಟು ಓರೆ ಉಳಿಸಿದರೆ ಹಳೆಯ ಹಾಗೆ ಸುಮ್ಮನಿರುತ್ತದೆ.

ಇಬ್ಬರೂ ಡಾಕ್ಟರ ಕೋಣೆಗೆ ಹೋದರು. ಡಾಕ್ಟರು ಚುರುಕಿನ ಮನುಷ್ಯ, ಮಾತಾಡುವಾಗಲೂ ಪೆನ್ನು ಕುಣಿಸುತ್ತಿದ್ದರು. “ಮೂವತ್ತೈದಕ್ಕೆ ನಿಲ್ಲಿಸಿದ್ರೆ ಹತ್ತು ಉಳಿಯುತ್ತೆ. ಕಾಣುತ್ತೆ ಅದು.”

“ಯಾರಿಗೆ?” ಎಂದಳು ಮಾಸ್ಟರಮ್ಮ.

“ಅಂದ್ರೆ... ನೋಡೋರಿಗೆ.”

“ಪೂರ್ತಿ ಮಾಡಿದ್ರೆ ನೋಡೋರಿಗೆ ಚೆನ್ನಾಗಿ ಕಾಣುತ್ತೆ, ನನಗೆ ಎರಡೆರಡು ಕಾಣುತ್ತೆ. ಕಣ್ಣು ಯಾರದು ಡಾಕ್ಟ್ರೇ?”

ಡಾಕ್ಟರ ಪೆನ್ನು ನಿಂತಿತು. “ಕೆಲವರಿಗೆ ಒಂದೆರಡು ತಿಂಗಳಲ್ಲಿ ಎರಡು ಕಾಣೋದು ತಾನಾಗೇ ಹೋಗುತ್ತಮ್ಮ.”

“ಕೆಲವರಿಗೆ?”

“ಹೋಗಲ್ಲ,” ಎಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು.

ಆಗ ಮೇಡಂ ಬಾಯಿ ಹಾಕಿದರು. “ಸಡಿಲ ಗಂಟು ಇಡಿ ಡಾಕ್ಟ್ರೇ. ಎಚ್ಚರ ಇರೋವಾಗ ಇವರೇ ಹೇಳ್ಲಿ.” ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಕಣ್ಣಿನ ಹೊರಬದಿಯ ಸ್ನಾಯುವನ್ನು ಬಿಡಿಸಿ ಹಿಂದಕ್ಕೆ ಕೂರಿಸುವುದು, ಒಳಬದಿಯದನ್ನು ಬಿಗಿ ಮಾಡುವುದು. ಹೊರಬದಿಯ ದಾರಕ್ಕೆ ಮಾತ್ರ ಕೊನೆಯ ಗಂಟು ಹಾಕದೆ ಜಾರುಗಂಟು ಬಿಡುವುದು. ಮಾರನೆಯ ಬೆಳಿಗ್ಗೆ ರೋಗಿಯನ್ನು ಕೂರಿಸಿ, ಮರಗಟ್ಟಿಸುವ ಹನಿ ಬಿಟ್ಟು, ದಾರ ಸಡಿಲಿಸಿದರೆ ಕಣ್ಣು ಒಳಕ್ಕೆ, ಎಳೆದರೆ ಹೊರಕ್ಕೆ. ಸರಿ ಅನ್ನಿಸಿದ ಕಡೆ ಗಟ್ಟಿ ಗಂಟು.

ಮಾಸ್ಟರಮ್ಮ ಕೂತಲ್ಲೇ ತೊಡೆ ತಟ್ಟಿಕೊಂಡು ನಕ್ಕಳು. “ಕಚ್ಚಾ ಹೊಲಿಗೆ! ಟ್ರಯಲ್ ಆದ್ಮೇಲೆ ಬಿಚ್ಚೋದು! ಇದನ್ನ ಮೊದಲೇ ಹೇಳಬಾರ್ದಾ? ನಾನು ಎಷ್ಟು ಕೋಟಿಗೆ ಹಾಕ್ಸಿದೀನಿ!”

ಆಪರೇಷನ್ ಆಯಿತು. ಅವಳಿಗೆ ಅದರ ನೆನಪಿಲ್ಲ, ಮಂಪರಿನಲ್ಲಿದ್ದಳು. ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಕಣ್ಣಿನ ಪಟ್ಟಿ ಬಿಚ್ಚಿದರು. ಡಾಕ್ಟರು, ಮೇಡಂ, ಬಾಗಿಲ ಹತ್ತಿರ ಅಕ್ಕ. ಕಣ್ಣು ಕೆಂಡದಂತೆ ಕೆಂಪಗಿತ್ತು, ರೆಪ್ಪೆ ಊದಿತ್ತು. ಆದರೆ ನೆಟ್ಟಗಿತ್ತು. ನಲವತ್ತೆರಡು ವರ್ಷದ ಮೇಲೆ ಮೊದಲ ಸಲ ಎರಡು ಕಣ್ಣೂ ಒಂದೇ ಕಡೆ ನೋಡುತ್ತಿದ್ದವು.

ಅಕ್ಕನಿಗೆ ತಡೆಯಲಾಗಲಿಲ್ಲ. “ಅಯ್ಯೋ ನನ್ನವ್ವಾ, ಎಷ್ಟು ಚೆನ್ನಾಗಿದೀಯೇ!” ಎಂದವಳು ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

ಡಾಕ್ಟರು ಕೈಗನ್ನಡಿ ಕೊಟ್ಟರು. ಮಾಸ್ಟರಮ್ಮ ನೋಡಿಕೊಂಡಳು. ಇಷ್ಟು ವರ್ಷ ತನ್ನದಾಗಿರಬೇಕಿದ್ದ ಮುಖ ಅಲ್ಲಿತ್ತು. ಯಾರ ಬೆನ್ನ ಹಿಂದೆಯೂ ನಿಲ್ಲಿಸಬೇಕಾಗಿಲ್ಲದ ಮುಖ. ಬಹಳ ಚೆನ್ನಾಗಿತ್ತು. ಮತ್ತೆ ಎರಡಿತ್ತು. ಒಂದರ ಪಕ್ಕ ಒಂದು, ಎರಡು ನೆಟ್ಟಗಿನ ಮುಖ, ಎರಡು ಕನ್ನಡಿ, ಕನ್ನಡಿ ಹಿಡಿದ ನಾಲ್ಕು ಕೈ.

ಅವಳಿಗೆ ಆಸೆಯಾಗಲಿಲ್ಲ ಎಂದರೆ ನಾನು ಸುಳ್ಳು ಹೇಳಿದ ಹಾಗೆ. ಹೊಟ್ಟೆಯೊಳಗಿನಿಂದ ಆಸೆಯಾಯಿತು. ಒಂದು ಮಾತು ಸಾಕಿತ್ತು. ಒಂದೇ ಕಾಣುತ್ತೆ ಅಂದಿದ್ದರೆ ಡಾಕ್ಟರು ಅಲ್ಲೇ ಗಂಟು ಬಿಗಿದು ಕೈ ತೊಳೆದುಕೊಳ್ಳುತ್ತಿದ್ದರು. ಅಕ್ಕ ಬಾಗಿಲಿನಿಂದಲೇ ಬೇಡ ಬೇಡವೆಂದು ತಲೆಯಾಡಿಸುತ್ತಿದ್ದಳು. ಅಲ್ಲಾಡಿಸಬೇಡ, ಹೀಗೇ ಇರಲಿ ಎಂದು ಆ ಒದ್ದೆ ಕಣ್ಣು ಬೇಡುತ್ತಿತ್ತು. ಮಾಸ್ಟರಮ್ಮ ಕನ್ನಡಿಯನ್ನು ಬೋರಲು ಮಾಡಿ ತೊಡೆಯ ಮೇಲಿಟ್ಟಳು.

“ಎರಡು ಕಾಣುತ್ತೆ. ಎಳೀರಿ.”

ಡಾಕ್ಟರು ಹನಿ ಬಿಟ್ಟು, ಸಣ್ಣ ಚಿಮಟದಲ್ಲಿ ದಾರ ಹಿಡಿದರು. ನೋವಿರಲಿಲ್ಲ, ತಲೆಯೊಳಗೆ ಯಾರೋ ಬಾಗಿಲ ಚಿಲಕ ಎಳೆದ ಹಾಗೆ ಒಂದು ಸೆಳೆತ. “ದೂರದ ದೀಪ ನೋಡಿ. ಈಗ?”

“ಎರಡು. ಹತ್ತಿರ ಬಂದ್ವು.”

ಮೇಡಂ ಕಪ್ಪು ಚಮಚದಿಂದ ಮುಚ್ಚಿ ತೆರೆದು ನೋಡಿ, ಡಾಕ್ಟರಿಗೆ ಅಂಕಿ ಹೇಳಿದರು. ಇನ್ನೊಂದು ಎಳೆತ.

“ಈಗ?”

“ಎರಡನೇದು ಮಂಕಾಯ್ತು... ಇದೆ, ಇನ್ನೂ ಇದೆ.”

ಮತ್ತೊಂದು ಕೂದಲೆಳೆಯಷ್ಟು. ಸುಳ್ಳು ದೀಪ ಆರಿತು. ಮಾಸ್ಟರಮ್ಮ ಗೋಡೆಯ ಅಂಚು ನೋಡಿದಳು, ಒಂದು. ಬಾಗಿಲ ಚೌಕಟ್ಟು, ಒಂದು. ತನ್ನ ಬಲಗೈಯ ಹೆಬ್ಬೆರಳನ್ನು ಕಣ್ಣ ಮುಂದೆ ಹಿಡಿದು, ಕತ್ತರಿ ಹಿಡಿದು ಹಿಡಿದು ದಡ್ಡುಗಟ್ಟಿದ ಅದರ ಗಂಟನ್ನು ನೋಡಿದಳು. ಒಂದೇ ಹೆಬ್ಬೆರಳು.

“ಅಲ್ಲೇ. ಅಲ್ಲೇ ಗಂಟು ಹಾಕಿ.”

“ಸ್ವಲ್ಪ ಓರೆ ಬಂದಿದೆ ಅಮ್ಮಾ,” ಎಂದರು ಡಾಕ್ಟರು ಮೆಲ್ಲಗೆ. “ಅರ್ಧಕ್ಕರ್ಧ ಸಡಿಲಿಸಿ ನೋಡೋಣ್ವಾ? ಒಂದು ಸಲ ಗಂಟು ಬಿದ್ರೆ ಮತ್ತೆ ಬಿಚ್ಚೋಕಾಗಲ್ಲ.”

“ಗೊತ್ತು. ನನ್ನ ಕೆಲಸಾನೂ ಅದೇ. ಹಾಕಿ.”

ಗಂಟು ಬಿತ್ತು. ಅಕ್ಕ ಮೂರು ದಿನ ಮುಖ ಗಂಟು ಹಾಕಿಕೊಂಡು ಓಡಾಡಿದಳು. ನಾಲ್ಕನೆಯ ದಿನ ಚಹಾ ತಂದುಕೊಟ್ಟು, “ಆಗ ಐದು ನಿಮಿಷ ನೋಡಿದ್ನಲ್ಲ ನಿನ್ನ, ಅಷ್ಟು ಸಾಕು ಬಿಡು,” ಎಂದಳು. ಮಾಸ್ಟರಮ್ಮ ಅವತ್ತು ಅತ್ತಳು. ಅತ್ತರೆ ಕಣ್ಣಿಗೆ ಆಗುವುದಿಲ್ಲವೆಂದು ಅಕ್ಕ ಬೈದಳು.

ಕೆಂಪು ಇಳಿಯಲು ಒಂದು ತಿಂಗಳು ಹಿಡಿಯಿತು. ಅಂಗಡಿಗೆ ಹೋದವಳು ಸೀದಾ ಹಿಂದಿನ ಟೇಬಲ್ಲಿಗೆ ನಡೆದು, ಒಂದು ಕೋಟಿನ ಬಟ್ಟೆ ಹಾಸಿ, ಗೆರೆ ಎಳೆದು ಕತ್ತರಿಸಿದಳು. ಕಂಕುಳ ಸುತ್ತಿನಲ್ಲಿ ಕತ್ತರಿ ಗೆರೆಯನ್ನು ಎಲ್ಲೂ ಬಿಡಲಿಲ್ಲ. ಆಮೇಲೆ ಪರದೆ ಸರಿಸಿ ಮುಂದೆ ಬಂದಳು. ಒಬ್ಬ ಗಿರಾಕಿ, ದೊಡ್ಡ ಹೊಟ್ಟೆಯವರು, ಕನ್ನಡಿಯ ಮುಂದೆ ನಿಂತಿದ್ದರು. ಭಾಮೈದ ಕೊರಳಿಂದ ಟೇಪು ತೆಗೆಯುತ್ತಿದ್ದ.

ಯಜಮಾನರು ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಬಂದು ಅವಳ ಮುಖವನ್ನು ಬಗ್ಗಿ ನೋಡಿದರು. “ಎಷ್ಟೋ ಮೇಲು. ಆದ್ರೆ ಮಾಸ್ಟರಮ್ಮ, ಪೂರ್ತಿ ಹೋಗಿಲ್ವಲ್ಲ? ಇನ್ನೂ ಚೂರು ಓರೆ ಇದ್ದ ಹಾಗಿದೆ.”

“ಇದೆ. ನಾನೇ ಹೇಳಿ ಇರಿಸ್ಕೊಂಡಿದ್ದು.”

“ನೀವೇ?”

“ಹೂಂ. ಪೂರ್ತಿ ನೆಟ್ಟಗೂ ಮಾಡಿದ್ರು, ನೋಡಿದೆ. ಬೇಡ ಅಂದೆ. ಕಣ್ಣು ಇರೋದು ನಾನು ನೋಡೋಕೆ ಯಜಮಾನ್ರೇ, ನನ್ನ ನೋಡೋರಿಗಲ್ಲ.” ಅವಳ ದನಿ ಏರಲಿಲ್ಲ. ಹೊಲಿಗೆ ಮಿಷನ್ನುಗಳು ಒಂದೊಂದಾಗಿ ನಿಂತು, ಎಂಟು ತಲೆಗಳು ಪರದೆಯ ಕಡೆ ತಿರುಗಿದವು. “ಇಷ್ಟು ಓರೆಗೆ ಮುಜುಗರ ಆಗೋ ಗಿರಾಕಿ ಇದ್ರೆ ಇವನ ಹತ್ರಾನೇ ಅಳತೆ ಕೊಡ್ಲಿ. ಆದ್ರೆ ಆ ಬಟ್ಟೆ ಇವನೇ ಕತ್ತರಿಸ್ಲಿ. ಇವನು ಬರೆದ ಅಳತೆಗೆ ಇನ್ನು ನಾನು ಕತ್ತರಿ ಹಾಕಲ್ಲ.”

ಯಜಮಾನರು ಭಾಮೈದನನ್ನು ನೋಡಿದರು. ಭಾಮೈದ ಟೇಪನ್ನು ನೋಡಿದ. ಗಿರಾಕಿ ಮೂವರನ್ನೂ ನೋಡಿ, “ರೀ, ಯಾರಾದ್ರೂ ತಗೊಳ್ರೀ, ಹೊತ್ತಾಗುತ್ತೆ,” ಎಂದರು.

ಮಾಸ್ಟರಮ್ಮ ಕೈ ಚಾಚಿದಳು. ಆಮೇಲೆ ಯಜಮಾನರು ಭಾಮೈದನ ಕೈಯಿಂದ ಟೇಪು ತೆಗೆದು ಅವಳಿಗೆ ಕೊಟ್ಟು, ಏನೂ ಆಗಿಲ್ಲವೆಂಬಂತೆ ಹೋಗಿ ಕೂತರು.

“ಕೈ ಸಡಿಲ ಬಿಡಿ ಸಾರ್. ಉಸಿರೂ ಬಿಡಿ, ನಾನು ಯಾರಿಗೂ ಹೇಳಲ್ಲ,” ಎಂದಳು ಮಾಸ್ಟರಮ್ಮ. ಗಿರಾಕಿ ನಕ್ಕುಬಿಟ್ಟರು, ಹೊಟ್ಟೆ ತನ್ನ ಜಾಗಕ್ಕೆ ಬಂತು. ಅವಳು ಟೇಪು ಸುತ್ತಿ, ನೋಡಿ, ತೆಗೆದು, ಇನ್ನೊಂದು ಸಲ ಸುತ್ತಿದಳು. ಅಂಕಿ ಒಂದೇ ಬಂತು.

“ಸೊಂಟ ನಲವತ್ತೆರಡೂವರೆ,” ಎಂದು ಭಾಮೈದನ ಕಡೆ ತಿರುಗಿದಳು. “ಬರ್ಕೋಪ್ಪಾ.”

ಅವನು ಬರೆದುಕೊಂಡ.